ಡಿಜೆ ಲ್ಯಾಪ್‌ಟಾಪ್ ನಡುವೆ ಕೈ ಕೊಡದಿರಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಹಗಲು ಹೊತ್ತು ಲ್ಯಾಪ್‌ಟಾಪ್ ರಿಪೇರಿ, ಮದುವೆ ಸೀಸನ್ ಬಂತು ಅಂದರೆ ರಾತ್ರಿ ಡಿಜೆ. ಇದು ನನ್ನ ಕೆಲಸ. ಹಾಗಾಗಿ ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಹುಡುಗರು ಬ್ಯಾಗು ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಹೆಚ್ಚಿನವರದ್ದು ಒಂದೇ ದೂರು: "ಅಣ್ಣ, ಮನೇಲಿ ಚೆನ್ನಾಗಿ ಓಡುತ್ತೆ, ಪ್ರೋಗ್ರಾಂಗೆ ಹೋದ್ರೆ ಪಟಪಟ ಅನ್ನುತ್ತೆ." ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ಲ್ಯಾಪ್‌ಟಾಪ್ ಹೊಸದು, ಪ್ರೊಸೆಸರ್ ಕೂಡ ಜೋರಾಗಿದೆ. ಆದರೂ ಹಾಡಿನ ಮಧ್ಯೆ ಪಟಪಟ ಯಾಕೆ?

ಇಲ್ಲಿ ವೇಗದ ಕೊರತೆ ಇರುವುದು ತುಂಬಾ ಕಡಿಮೆ. ಲೆಕ್ಕ ಹಾಕಿ ನೋಡಿ. ಸಿಡಿ ಗುಣಮಟ್ಟದ ಹಾಡು ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ), 16 ಬಿಟ್, ಎರಡು ಚಾನೆಲ್. ಒಟ್ಟು ಸೆಕೆಂಡಿಗೆ ಸುಮಾರು 176 ಕಿಲೋಬೈಟ್. ನಾಲ್ಕು ಡೆಕ್ (ಸಾಫ್ಟ್‌ವೇರಿನಲ್ಲಿ ಒಂದೊಂದು ಹಾಡು ಓಡಿಸುವ ಪ್ಲೇಯರ್) ಒಟ್ಟಿಗೆ ಓಡಿಸಿದರೂ ಒಂದು ಮೆಗಾಬೈಟ್ ಮುಟ್ಟುವುದಿಲ್ಲ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್‌ಗೂ ಇದು ಭಾರವಲ್ಲ.

ತೊಂದರೆ ಇರುವುದು ಅಡ್ಡಿಯಲ್ಲಿ. ಡಿಜೆ ಸಾಫ್ಟ್‌ವೇರ್ ಕೆಲವು ಮಿಲಿಸೆಕೆಂಡಿಗೆ ಒಂದು ಸಲ ಸೌಂಡ್ ಕಾರ್ಡಿಗೆ ಹೊಸ ತುಂಡು ಕೊಡುತ್ತಲೇ ಇರಬೇಕು. ಸರಿಯಾಗಿ ಆ ಹೊತ್ತಿಗೆ ವೈಫೈ ಡ್ರೈವರೋ (ಒಂದು ಸಾಧನವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್) ಅಪ್‌ಡೇಟೋ ಬಂದು ಪ್ರೊಸೆಸರನ್ನು ಹಿಡಿದುಕೊಂಡರೆ ತುಂಡು ತಡವಾಗುತ್ತದೆ. ಸ್ಪೀಕರಿನಲ್ಲಿ ಕೇಳುವ ಪಟ್ ಅನ್ನುವ ಸದ್ದು ಆ ಖಾಲಿ ಜಾಗ, ಅಷ್ಟೇ. ಸಿನಿಮಾ ನೋಡುವಾಗಲೂ ಹೀಗೆ ಆಗುತ್ತಿರುತ್ತದೆ. ಅಲ್ಲಿ ಪ್ಲೇಯರ್ ಬೇಕಾದಷ್ಟು ಮುಂದಿನದನ್ನು ಮೊದಲೇ ತುಂಬಿಟ್ಟುಕೊಂಡಿರುವುದರಿಂದ ನಿಮಗೆ ಗೊತ್ತಾಗುವುದಿಲ್ಲ. ಡಿಜೆಗೆ ಆ ಸವಲತ್ತು ಇಲ್ಲ. ಪ್ಲೇ ಒತ್ತಿದ ತಕ್ಷಣ ಸದ್ದು ಬರಬೇಕು.

ಮುಂದೆ ಹೇಳುವ ಎಲ್ಲಾ ಸೆಟ್ಟಿಂಗ್ ಹಿಂದೆಯೂ ಇದೊಂದೇ ಮಾತು ಇದೆ. ಲ್ಯಾಪ್‌ಟಾಪ್‌ಗೆ ಜೋರು ಬೇಡ, ಅದರ ಕೆಲಸಕ್ಕೆ ಯಾರೂ ಅಡ್ಡ ಬರಬಾರದು.

ಬಫರ್ ಸೈಜ್ ಎಷ್ಟು ಇಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹೋಟೆಲ್ ಅಡುಗೆಮನೆ ನೆನಪು ಮಾಡಿಕೊಳ್ಳಿ. ಕಾವಲಿಯಿಂದ ಒಂದು ದೋಸೆ ಎದ್ದ ಕೂಡಲೇ ಸಪ್ಲೈಯರ್ ತಗೊಂಡು ಓಡಿದರೆ ನಿಮಗೆ ದೋಸೆ ಬೇಗ ಸಿಗುತ್ತದೆ. ಆದರೆ ಭಟ್ಟರು ಒಂದು ನಿಮಿಷ ಚಟ್ನಿ ನೋಡಲು ತಿರುಗಿದರೂ ನಿಮ್ಮ ತಟ್ಟೆ ಖಾಲಿ. ನಾಲ್ಕು ದೋಸೆ ಆದ ಮೇಲೆ ಒಟ್ಟಿಗೆ ತಂದರೆ ಮೊದಲನೆಯದು ಸ್ವಲ್ಪ ತಡ, ಆದರೆ ಭಟ್ಟರು ಅತ್ತಿತ್ತ ತಿರುಗಿದರೂ ನಿಮ್ಮ ಊಟ ನಿಲ್ಲುವುದಿಲ್ಲ. ಬಫರ್ ಅಂದರೆ ಒಂದು ಸಲಕ್ಕೆ ಎಷ್ಟು ದೋಸೆ ಅನ್ನುವ ಲೆಕ್ಕ.

44.1 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದರೆ 2.9 ಮಿಲಿಸೆಕೆಂಡ್. 256 ಅಂದರೆ 5.8. 512 ಅಂದರೆ 11.6. 1024 ಅಂದರೆ 23.2. ಇದರ ಮೇಲೆ ಕಂಟ್ರೋಲರ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ, ಗುಂಡಿ ಮತ್ತು ಚಕ್ರ ಇರುವ ಡಿಜೆ ಪೆಟ್ಟಿಗೆ) ಮತ್ತು ಡ್ರೈವರ್ ತಮ್ಮ ಪಾಲಿನ ತಡವನ್ನು ಸ್ವಲ್ಪ ಸೇರಿಸುತ್ತವೆ.

ಹುಡುಗರಿಗೆ 128 ಇಟ್ಟರೇನೇ ಪ್ರೊಫೆಷನಲ್ ಅನ್ನುವ ಹುಚ್ಚು. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 34 ಸೆಂಟಿಮೀಟರ್ ಹೋಗುತ್ತದೆ. 512 ಬಫರಿನ ತಡ ಅಂದರೆ ಸ್ಪೀಕರಿನಿಂದ ನಾಲ್ಕು ಮೀಟರ್ ದೂರ ನಿಂತ ಹಾಗೆ. ಚೌಟ್ರಿಯಲ್ಲಿ ನಿಮ್ಮ ಟೇಬಲ್‌ಗೂ ಮುಖ್ಯ ಸ್ಪೀಕರಿಗೂ ಅದಕ್ಕಿಂತ ಜಾಸ್ತಿ ದೂರ ಇರುತ್ತದೆ, ಅಲ್ವಾ? ಚಕ್ರವನ್ನು ಹಿಂದೆ ಮುಂದೆ ಉಜ್ಜಿ ಸ್ಕ್ರ್ಯಾಚ್ ಮಾಡುವವರಿಗೆ 128 ಅಥವಾ 256 ಬೇಕು, ಒಪ್ಪುತ್ತೇನೆ. ಆರತಕ್ಷತೆ, ಗಣಪತಿ ಮೆರವಣಿಗೆ, ಹೋಂಸ್ಟೇ ಪಾರ್ಟಿಗೆ 512 ಸಾಕು. ಮೊದಲು 512ರಲ್ಲಿ ಇಟ್ಟು ಎರಡು ಗಂಟೆ ಓಡಿಸಿ. ಒಂದೂ ಪಟ್ ಬರದಿದ್ದರೆ 256ಕ್ಕೆ ಇಳಿಸಿ ನೋಡಿ. ಬಂದರೆ ವಾಪಸ್ ಏರಿಸಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಆಸಿಯೋ ಡ್ರೈವರ್ ಹಾಕಲೇಬೇಕಾ?

ವಿಂಡೋಸ್‌ನಲ್ಲಿ ಹಾಕಿ. ಆಸಿಯೋ (ASIO) ಅಂದರೆ ಸದ್ದನ್ನು ತಡವಿಲ್ಲದೆ ಕಳಿಸಲು ಮಾಡಿದ ಒಂದು ಬಗೆಯ ಡ್ರೈವರ್. ವಿಂಡೋಸ್ ತನ್ನ ಮಾಮೂಲಿ ದಾರಿಯಲ್ಲಿ ಎಲ್ಲಾ ಆ್ಯಪ್‌ಗಳ ಸದ್ದನ್ನೂ ಒಂದು ಕಡೆ ಬೆರೆಸಿ ಆಮೇಲೆ ಹೊರಗೆ ಬಿಡುತ್ತದೆ. ಆಸಿಯೋ ಆ ಬೆರಕೆಯನ್ನು ದಾಟಿ ನೇರ ಸೌಂಡ್ ಕಾರ್ಡಿಗೆ ಹೋಗುತ್ತದೆ. ನಿಮ್ಮ ಕಂಟ್ರೋಲರ್ ಕಂಪನಿಯ ಜಾಲತಾಣದಲ್ಲಿ ಅದರದ್ದೇ ಡ್ರೈವರ್ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಮಾತ್ರ ಆಸಿಯೋ4ಆಲ್. ಅದು ನಿಜವಾದ ಆಸಿಯೋ ಡ್ರೈವರ್ ಅಲ್ಲ, ವಿಂಡೋಸ್ ಡ್ರೈವರ್ ಮೇಲೆ ಹಾಕಿದ ಹೊದಿಕೆ. ಕೆಲಸಕ್ಕೆ ಬರುತ್ತದೆ, ಆದರೆ ಕಂಪನಿಯ ಡ್ರೈವರ್ ಇರುವಾಗ ಅದನ್ನು ಹುಡುಕಿಕೊಂಡು ಹೋಗಬೇಡಿ.

ಇನ್ನೊಂದು ಮಾತು. ಸಾಫ್ಟ್‌ವೇರಿನಲ್ಲೂ ವಿಂಡೋಸ್ ಸೌಂಡ್ ಸೆಟ್ಟಿಂಗಿನಲ್ಲೂ ಸ್ಯಾಂಪಲ್ ರೇಟ್ ಒಂದೇ ಇರಲಿ. ಹಾಡುಗಳು ಹೆಚ್ಚಾಗಿ 44.1ರಲ್ಲಿ ಇರುವುದರಿಂದ ನಾನು ಎಲ್ಲಾ ಕಡೆ ಅದನ್ನೇ ಇಡುತ್ತೇನೆ.

ಯಾವುದು ಅಡ್ಡ ಬರುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರ್ ಇದೆ. ವಿಂಡೋಸ್‌ಗೆ ಮಾತ್ರ. ಯಾವ ಡ್ರೈವರ್ ಪ್ರೊಸೆಸರನ್ನು ಎಷ್ಟು ಹೊತ್ತು ಬಿಡದೆ ಹಿಡಿದುಕೊಂಡಿತ್ತು ಅಂತ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ತೋರಿಸುತ್ತದೆ.

ಹೋದ ವರ್ಷ ಸಕಲೇಶಪುರದಿಂದ ಒಬ್ಬ ಹುಡುಗ ಬಂದಿದ್ದ. ಗೇಮಿಂಗ್ ಲ್ಯಾಪ್‌ಟಾಪ್, ಕೀಬೋರ್ಡಿನಲ್ಲಿ ಕೆಂಪು ಹಸಿರು ಲೈಟು, ಹಾಡಿಗೆ ಮಾತ್ರ ನಾಲ್ಕು ನಿಮಿಷಕ್ಕೊಮ್ಮೆ ಪಟ್ ಪಟ್. ಅಂಗಡಿ ಟೇಬಲ್ ಮೇಲೆ ಇಟ್ಟು, ಎರಡು ಡೆಕ್‌ನಲ್ಲಿ ಹಾಡು ಹಾಕಿ, ಲೇಟೆನ್ಸಿಮಾನ್ ಓಡಿಸಿ ಇಬ್ಬರೂ ಕಾಫಿ ಕುಡಿಯುತ್ತಾ ನೋಡುತ್ತಾ ಕೂತೆವು. ಪಟ್ಟಿ ಮೊದಲು ಹಸಿರಾಗೇ ಇತ್ತು. ಸ್ವಲ್ಪ ಹೊತ್ತಿಗೆ ಸರ್ರನೆ ಏರಿ ಕೆಂಪಾಯಿತು. ಅದೇ ಗಳಿಗೆಗೆ ಸ್ಪೀಕರಿನಲ್ಲಿ ಪಟ್. ಡ್ರೈವರ್ಸ್ ಪುಟ ತೆಗೆದು ನೋಡಿದರೆ ಮೇಲಿನ ಸಾಲಿನಲ್ಲಿ ನೆಟ್‌ವರ್ಕಿಗೆ ಸೇರಿದ ಎನ್‌ಡಿಐಎಸ್ ಫೈಲು. ಟಾಸ್ಕ್‌ಬಾರಿನಲ್ಲಿ ವೈಫೈ ಆಫ್ ಮಾಡಿದೆ. ಮುಂದಿನ ಅರ್ಧ ಗಂಟೆ ಪಟ್ಟಿ ಅಲ್ಲಾಡಲಿಲ್ಲ. ಹುಡುಗ ಆ ಹೊತ್ತಿಗೆ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಚೀಟಿ ದುಡ್ಡು ಎತ್ತಲು ರೆಡಿಯಾಗಿದ್ದ!

ನೀವೂ ಹೀಗೇ ಮಾಡಿ. ಸುಮ್ನೆ ಖಾಲಿ ಲ್ಯಾಪ್‌ಟಾಪ್‌ನಲ್ಲಿ ಓಡಿಸಬೇಡಿ. ಕಂಟ್ರೋಲರ್ ಹಾಕಿ, ಹಾಡು ಓಡುತ್ತಿರುವಾಗ ಕನಿಷ್ಠ 15 ನಿಮಿಷ ಬಿಡಿ. ಎನ್‌ಡಿಐಎಸ್ ಕಂಡರೆ ವೈಫೈ. ಎಸಿಪಿಐ ಕಂಡರೆ ಹೆಚ್ಚಾಗಿ ಬ್ಯಾಟರಿ, ಪವರ್ ಕಡೆಯದ್ದು. ಎನ್‌ವಿ ಅಂತ ಶುರುವಾಗುವ ಹೆಸರು ಇದ್ದರೆ ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಓಡಿಸಿ. ನಾಲ್ಕೈದು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ.

ವೈಫೈ, ಬ್ಲೂಟೂತ್ ಎರಡನ್ನೂ ಆಫ್ ಮಾಡುವ ಸುಲಭ ದಾರಿ ಏರೋಪ್ಲೇನ್ ಮೋಡ್. ಡಿಜೆ ಶುರು ಮಾಡುವ ಮುಂಚೆ ಅದನ್ನು ಒತ್ತುವುದು ನನಗೆ ಈಗ ಚಪ್ಪಲಿ ಬಿಟ್ಟು ಒಳಗೆ ಹೋದಷ್ಟೇ ಅಭ್ಯಾಸ.

ಪವರ್ ಸೆಟ್ಟಿಂಗಿನಲ್ಲಿ ಏನೇನು ಬದಲಾಯಿಸಬೇಕು?

ಇಲ್ಲಿ ನಾನು ಕಲಿತದ್ದು ಅವಮಾನ ಪಟ್ಟು. ಹಾಸನದ ಹೊರಗೆ ಒಂದು ಚೌಟ್ರಿ, ಆರತಕ್ಷತೆ. ಎಂಟು ಗಂಟೆಗೆ ಕರೆಂಟು ಹೋಯಿತು, ಜನರೇಟರ್ ಬಂತು, ಲೈಟು ಬಂತು, ಸೌಂಡೂ ಬಂತು. ಐದು ನಿಮಿಷದ ಮೇಲೆ ಹಾಡು ಹರಿದುಹೋಗುವ ಹಾಗೆ ಕರಕರ. ನಾನು ಹಾಡು ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಕಂಟ್ರೋಲರ್ ಆಫ್ ಆನ್ ಮಾಡಿದೆ. ಹುಡುಗಿ ಕಡೆಯ ಹಿರಿಯರೊಬ್ಬರು ಬಂದು "ಏನಪ್ಪಾ, ರೇಡಿಯೋ ಹಾಕಿದ್ದೀಯಾ?" ಅಂದರು. ಆಮೇಲೆ ಪರದೆಯ ಮೂಲೆಯಲ್ಲಿ ಕಣ್ಣು ಬಿತ್ತು. ಚಾರ್ಜ್ ಗುರುತೇ ಇಲ್ಲ. ನಾನು ಚಾರ್ಜರ್ ಸಿಕ್ಕಿಸಿದ್ದ ಗೋಡೆಯ ಪ್ಲಗ್ಗು ಜನರೇಟರ್ ಲೈನಿನಲ್ಲೇ ಇರಲಿಲ್ಲ. ಬ್ಯಾಟರಿ ಮೇಲೆ ಹೋದ ತಕ್ಷಣ ವಿಂಡೋಸ್ ಕರೆಂಟು ಉಳಿಸಲು ಪ್ರೊಸೆಸರ್ ವೇಗ ಇಳಿಸಿತ್ತು.

ಈಗ ಪ್ಲಗ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ಹತ್ತಿರ "ಇದು ಜನರೇಟರ್ ಲೈನಾ?" ಅಂತ ಕೇಳುತ್ತೇನೆ. ಸೆಟ್ಟಿಂಗನ್ನೂ ಚಾರ್ಜರ್ ಮತ್ತು ಬ್ಯಾಟರಿ ಎರಡಕ್ಕೂ ಬದಲಾಯಿಸಿದ್ದೇನೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಆರಿಸಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಸಲ ಬ್ಯಾಲೆನ್ಸ್ಡ್ ಒಂದೇ ಕಾಣುತ್ತದೆ. ಆಗ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲಿ ಬೆಸ್ಟ್ ಪರ್ಫಾರ್ಮೆನ್ಸ್ ಇಡಿ. ಅಡ್ವಾನ್ಸ್ಡ್ ಪಟ್ಟಿಯಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತ ಇರುತ್ತದೆ, ಅದನ್ನು ಡಿಸೇಬಲ್ ಮಾಡಿ. ಆಮೇಲೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಪವರ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಕಂಟ್ರೋಲರ್ ಮಧ್ಯದಲ್ಲಿ ಕಾಣೆಯಾಗಿ ಮತ್ತೆ ಬರುವ ತೊಂದರೆ ಎಷ್ಟೋ ಸಲ ಇಲ್ಲಿಗೇ ನಿಲ್ಲುತ್ತದೆ. ಸ್ಲೀಪ್, ಸ್ಕ್ರೀನ್ ಸೇವರ್ ಎರಡೂ ನೆವರ್. ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಅಂತ ಇಡಿ. ಯಾರೋ ಹೂವಿನ ಬುಟ್ಟಿ ಇಡಲು ಬಂದು ಮುಚ್ಚಳ ತಗ್ಗಿಸಿದ್ದನ್ನೂ ನೋಡಿದ್ದೇನೆ.

ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್) ಒಳಗೆ ಹೋಗಿ ಪ್ರೊಸೆಸರ್ ನಿದ್ದೆ ಮಾಡುವ ಸಿ-ಸ್ಟೇಟ್, ವೇಗ ಏರಿಸುವ ಟರ್ಬೋ ಎಲ್ಲಾ ಆಫ್ ಮಾಡು ಅನ್ನುವ ಸಲಹೆಯನ್ನೂ ಕೇಳಿರುತ್ತೀರಿ. ಮೇಲಿನದೆಲ್ಲ ಮಾಡಿಯೂ ಸರಿಯಾಗದಿದ್ದರೆ ಮಾತ್ರ ಅತ್ತ ಹೋಗಿ.

ಅಪ್‌ಡೇಟ್ ಮತ್ತು ಆ್ಯಂಟಿವೈರಸ್ ಪೂರ್ತಿ ತೆಗೆದುಹಾಕಲಾ?

ಬೇಡ. ಪೂರ್ತಿ ತೆಗೆದ ಲ್ಯಾಪ್‌ಟಾಪ್‌ಗಳು ವೈರಸ್ ತುಂಬಿಕೊಂಡು ನನ್ನ ಅಂಗಡಿಗೇ ಬರುತ್ತವೆ. ನನಗೆ ಅದು ವ್ಯಾಪಾರ, ನಿಮಗೆ ದಂಡ.

ಅಪ್‌ಡೇಟನ್ನು ವಿಂಡೋಸ್ 11ರಲ್ಲಿ ಐದು ವಾರದವರೆಗೆ ತಡೆಹಿಡಿಯಬಹುದು. ಸೀಸನ್ ಇದ್ದಾಗ ತಡೆಹಿಡಿಯಿರಿ. ಆಷಾಢ ಬಂದಾಗ ಮದುವೆ ಇರುವುದಿಲ್ಲ. ಆಗ ಎಲ್ಲಾ ಅಪ್‌ಡೇಟ್ ಹಾಕಿ, ಒಂದು ವಾರ ಮನೆಯಲ್ಲಿ ಓಡಿಸಿ ನೋಡಿ. ಪ್ರೋಗ್ರಾಂ ಹಿಂದಿನ ದಿನ ಏನನ್ನೂ ಅಪ್‌ಡೇಟ್ ಮಾಡಬೇಡಿ. ಡಿಜೆ ಸಾಫ್ಟ್‌ವೇರ್, ಕಂಟ್ರೋಲರಿನ ಫರ್ಮ್‌ವೇರ್, ಯಾವುದನ್ನೂ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇದ್ದರೆ ಆ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕು, ಇಮೇಲ್ ಮಾಡಬೇಡಿ. ಇಂಟರ್‌ನೆಟ್ ಇಲ್ಲದೆ ಹಾಡಿಗೆ ಮಾತ್ರ ಇಟ್ಟುಕೊಂಡರೆ ಓಡುತ್ತದೆ.

ಡಿಫೆಂಡರ್‌ನಲ್ಲಿ ಎಕ್ಸ್‌ಕ್ಲೂಷನ್ಸ್ ಅಂತ ಜಾಗ ಇದೆ. ನಿಮ್ಮ ಹಾಡಿನ ಫೋಲ್ಡರನ್ನು ಅಲ್ಲಿ ಸೇರಿಸಿದರೆ ಹಾಡು ಲೋಡ್ ಮಾಡಿದಾಗಲೆಲ್ಲ ಅದು ತಪಾಸಣೆಗೆ ನಿಲ್ಲುವುದಿಲ್ಲ. ಮೊದಲು ಒಂದು ಸಲ ಆ ಫೋಲ್ಡರ್ ಪೂರ್ತಿ ಸ್ಕ್ಯಾನ್ ಮಾಡಿಸಿ, ಆಮೇಲೆ ಸೇರಿಸಿ. ಒನ್‌ಡ್ರೈವ್ ಥರದ ಸಿಂಕ್ ಆ್ಯಪ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಹಾಡಿನ ಫೋಲ್ಡರ್ ಒನ್‌ಡ್ರೈವ್ ಒಳಗೆ ಇರಲೇಬಾರದು. ಫೈಲು ಕಂಡರೂ ಒಳಗೆ ಏನೂ ಇಲ್ಲದೆ, ನೆಟ್‌ನಿಂದ ಇಳಿಯಬೇಕಾಗಿ ಬರಬಹುದು. ಕಳಸದ ಕಡೆ ತೋಟದ ಮನೆಯಲ್ಲಿ ನೆಟ್‌ಗೆ ಎಲ್ಲಿಗೆ ಹೋಗುತ್ತೀರಿ?

ಮ್ಯಾಕ್ ತಗೊಂಡರೆ ಇದೆಲ್ಲಾ ರಗಳೆ ಇರುವುದಿಲ್ಲವಂತೆ, ಹೌದಾ?

ಅರ್ಧ ಹೌದು. ಮ್ಯಾಕ್‌ನಲ್ಲಿ ಅದರದ್ದೇ ಸದ್ದಿನ ವ್ಯವಸ್ಥೆ ಕೋರ್ ಆಡಿಯೋ ಇರುವುದರಿಂದ ಆಸಿಯೋ ಗೋಜಿಲ್ಲ. ಆದರೂ ಲೋ ಪವರ್ ಮೋಡ್ ಆಫ್ ಮಾಡಬೇಕು, ಹಾಡಿನ ಡ್ರೈವನ್ನು ಸ್ಪಾಟ್‌ಲೈಟ್ ಹುಡುಕಾಟದಿಂದ ಹೊರಗಿಡಬೇಕು, ಪ್ರೋಗ್ರಾಂ ಹೊತ್ತಿಗೆ ಬ್ಯಾಕಪ್ ಮಾಡುವ ಟೈಂ ಮಷಿನ್ ಓಡಬಾರದು. ಹೊಸ ಮ್ಯಾಕ್‌ಓಎಸ್ ಬಂದ ದಿನವೇ ಹಾಕಿಕೊಂಡು ಕಂಟ್ರೋಲರ್ ಡ್ರೈವರ್ ಹೊಂದದೆ ಒದ್ದಾಡಿದವರು ಬೇಕಾದಷ್ಟು. ನಿಮ್ಮ ಡಿಜೆ ಸಾಫ್ಟ್‌ವೇರ್ ಕಂಪನಿ "ಆಗುತ್ತದೆ" ಅಂತ ಹೇಳುವ ತನಕ ಕಾಯಿರಿ. 2020ರ ಕೊನೆಗೆ ಬಂದ ಎಂ1ರಿಂದ ಈಚೆಗೆ ಮ್ಯಾಕ್‌ಬುಕ್ ಏರ್‌ಗೆ ಫ್ಯಾನ್ ಇಲ್ಲ. ಬಿಸಿಲಲ್ಲಿ ಹಳದಿ ಶಾಸ್ತ್ರಕ್ಕೆ ಹಾಡು ಹಾಕುವಾಗ ಅದು ಬಿಸಿಯಾಗಿ ನಿಧಾನವಾಗಬಹುದು. ನೆರಳಿಗೆ ಇಡಿ.

ದುಡ್ಡು ಇದ್ದರೆ ತಗೊಳ್ಳಿ. ಸಾಲ ಮಾಡಿ ಬೇಡ.

ರ್‍ಯಾಮ್, ಡಿಸ್ಕ್ ಎಷ್ಟು ಬೇಕು?

8 ಜಿಬಿಯಲ್ಲಿ ಎರಡು ಡೆಕ್ ಆರಾಮಾಗಿ ಓಡುತ್ತದೆ. ಹಾಡಿನಿಂದ ದನಿ, ಡ್ರಮ್ಮು ಬೇರೆ ಮಾಡುವ ಸ್ಟೆಮ್ಸ್ ಬಳಸುವುದಾದರೆ 16 ಜಿಬಿ ಇರಲಿ. ನಿಜವಾಗಿ ಲ್ಯಾಪ್‌ಟಾಪ್ ಬೆವರುವುದು ಈ ಸ್ಟೆಮ್ಸ್ ಹೊತ್ತಿಗೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಮನೆಯಲ್ಲೇ ಮುಂಚಿತವಾಗಿ ಸ್ಟೆಮ್ಸ್ ತೆಗೆದಿಟ್ಟುಕೊಳ್ಳಬಹುದು. ಆ ಸೌಲಭ್ಯ ಇದ್ದರೆ ಬಳಸಿ.

ಡಿಸ್ಕ್ ಮಾತ್ರ ಎಸ್‌ಎಸ್‌ಡಿ ಇರಲೇಬೇಕು. ವೇಗಕ್ಕಿಂತ ಹೆಚ್ಚಾಗಿ ಅಲುಗಾಟಕ್ಕೆ. ಹಳೆಯ ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಸೂಜಿ ಓಡುತ್ತದೆ. ಬೇಸ್ ಬಾಕ್ಸ್ ಪಕ್ಕದಲ್ಲಿ ಇಟ್ಟರೆ ಆ ಸೂಜಿಗೆ ದಾರಿ ತಪ್ಪುತ್ತದೆ. ಗಣಪತಿ ಬಿಡುವ ದಿನ ಟ್ರ್ಯಾಕ್ಟರ್ ಮೇಲೆ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪ್ ಇಟ್ಟು ಹೊರಟವರು ಅರ್ಧ ದಾರಿಯಲ್ಲಿ ಫೋನು ಸಿಕ್ಕಿಸಿಕೊಂಡು ಬಂದಿದ್ದಾರೆ. ಎಸ್‌ಎಸ್‌ಡಿ ಇದ್ದರೂ ಕೆಳಗೆ ಒಂದೆರಡು ಇಂಚು ಸ್ಪಂಜು ಹಾಕಿ, ಲ್ಯಾಪ್‌ಟಾಪ್‌ನ ಗಾಳಿ ಕಿಂಡಿ ಮಾತ್ರ ಮುಚ್ಚದ ಹಾಗೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ನಿಮ್ಮ ಕಂಟ್ರೋಲರ್ ಯಾವುದಕ್ಕೆ ಮಾಡಿದ್ದೋ ಅದು. ಸೆರಾಟೊ, ರೆಕಾರ್ಡ್‌ಬಾಕ್ಸ್, ವರ್ಚುವಲ್ ಡಿಜೆ, ಟ್ರ್ಯಾಕ್ಟರ್ ಎಲ್ಲವೂ ಕೆಲಸ ಮಾಡುತ್ತವೆ. ಕೊನೆಯದು ಗಣಪತಿ ಕೂರುವ ಟ್ರ್ಯಾಕ್ಟರ್ ಅಲ್ಲ, ಜರ್ಮನಿಯ ಸಾಫ್ಟ್‌ವೇರು. ದುಡ್ಡು ಹಾಕಲು ಆಗದವರಿಗೆ ಮಿಕ್ಸ್ (Mixxx) ಅನ್ನುವ ಉಚಿತ, ಮುಕ್ತ ತಂತ್ರಾಂಶ ಇದೆ. ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಅದರ ಮೇಲೂ ಓಡಿಸಬಹುದು. ಕ್ರ್ಯಾಕ್ ಮಾಡಿದ ಪೇಯ್ಡ್ ಸಾಫ್ಟ್‌ವೇರ್ ಹಾಕಿಕೊಂಡು "ಹ್ಯಾಂಗ್ ಆಗುತ್ತೆ ಅಣ್ಣ" ಅಂತ ಬಂದರೆ ನನ್ನ ಹತ್ತಿರ ಉತ್ತರ ಇಲ್ಲ.

ಹಾಡಿನ ಫೈಲಿನಿಂದಲೂ ತೊಂದರೆ ಬರುತ್ತದಾ?

ಬರುತ್ತದೆ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹೊಸ ಹಾಡು ಲೋಡ್ ಮಾಡಿದಾಗ ಸಾಫ್ಟ್‌ವೇರ್ ಅದರ ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳ), ಕೀ (ಶ್ರುತಿ), ಅಲೆಯ ಚಿತ್ರ ಎಲ್ಲಾ ಲೆಕ್ಕ ಹಾಕಲು ಕೂರುತ್ತದೆ. ಅಷ್ಟು ಹೊತ್ತು ಪ್ರೊಸೆಸರಿಗೆ ಮೈಮೇಲೆ ಕೆಲಸ. ಮನೆಯಲ್ಲೇ ಎಲ್ಲಾ ಹಾಡನ್ನೂ ಅನಲೈಜ್ ಮಾಡಿಟ್ಟುಕೊಂಡರೆ ಇದು ತಪ್ಪುತ್ತದೆ.

ಆದರೆ ಮದುವೆಮನೆ ಬೇರೆ ಥರ. ಜೋಡಿ ಸ್ಟೇಜಿಗೆ ಬರಲು ಎರಡು ನಿಮಿಷ ಇರುವಾಗ ಹುಡುಗನ ತಮ್ಮ ಓಡಿ ಬರುತ್ತಾನೆ. ಕೈಯಲ್ಲಿ ಪೆನ್‌ಡ್ರೈವ್, ಅದರೊಳಗೆ ವಾಟ್ಸಾಪ್‌ನಿಂದ ಇಳಿಸಿದ ಎಂಟ್ರಿ ಸಾಂಗು. "ಸರ್, ಇದೇ ಹಾಕಬೇಕು." ಆ ಪೆನ್‌ಡ್ರೈವ್ ಎಷ್ಟು ಜೆರಾಕ್ಸ್ ಅಂಗಡಿ ಸುತ್ತಿ ಬಂದಿದೆಯೋ! ನಾನು ಅದನ್ನು ಲ್ಯಾಪ್‌ಟಾಪ್‌ಗೆ ಹಾಕುವುದೇ ಇಲ್ಲ. ಹಾಡು ಅವರ ಫೋನಿನಲ್ಲೂ ಇರುತ್ತದಲ್ಲ, ಅದನ್ನು ಕೇಬಲ್ ಹಾಕಿ ಮಿಕ್ಸರಿನ ಆಕ್ಸ್‌ಗೆ ಕೊಡುತ್ತೇನೆ. ಅಡ್ವಾನ್ಸ್ ಇಸ್ಕೊಳ್ಳುವಾಗಲೇ "ಎಂಟ್ರಿ ಸಾಂಗ್ ಎರಡು ದಿನ ಮುಂಚೆ ಕಳಿಸಿ" ಅಂತ ಹೇಳಿಬಿಟ್ಟರೆ ಅರ್ಧ ಗಲಾಟೆ ತಪ್ಪುತ್ತದೆ.

ಎಂಪಿ3 ಆದರೆ 320 ಕೆಬಿಪಿಎಸ್ ಇರಲಿ. ಐದು ನಿಮಿಷದ ಹಾಡಿಗೆ ಸುಮಾರು 12 ಮೆಗಾಬೈಟ್. ಅದೇ ಹಾಡು ವೇವ್ ಆದರೆ 50 ದಾಟುತ್ತದೆ. ಅಲೆಯ ಚಿತ್ರ ಅರ್ಧಕ್ಕೇ ನಿಂತ ಹಾಡುಗಳು ಹೆಚ್ಚಾಗಿ ಹಾಳಾದ ಫೈಲುಗಳು. ಅಳಿಸಿ ಬೇರೆ ತಗೊಳ್ಳಿ.

ಯುಎಸ್‌ಬಿ ಹಬ್ ಬಳಸಬಹುದಾ? ನನ್ನದರಲ್ಲಿ ಎರಡೇ ಪೋರ್ಟ್.

ಕಂಟ್ರೋಲರನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ. ಪೆನ್‌ಡ್ರೈವ್, ಮೌಸ್ ಹಬ್‌ಗೆ ಹೋಗಲಿ. ಕೇಬಲ್ ಒಂದೂವರೆ ಮೀಟರಿಗಿಂತ ಉದ್ದ ಬೇಡ. ಯುಎಸ್‌ಬಿ 2ಕ್ಕೆ ಹೇಳಿರುವ ಗರಿಷ್ಠ ಉದ್ದ 5 ಮೀಟರ್, ಆದರೆ ಅಗ್ಗದ ಕೇಬಲ್ ಅಷ್ಟು ದೂರ ತಡೆಯುವುದಿಲ್ಲ. ಕೇಬಲನ್ನು ಟೇಬಲ್ ಕಾಲಿಗೆ ಒಂದು ಸುತ್ತು ಹಾಕಿ ಟೇಪ್ ಅಂಟಿಸಿ. ಕುಣಿಯುವವರು ಎಡವಿದರೂ ಪೋರ್ಟ್‌ನಿಂದ ಕಿತ್ತು ಬರಬಾರದು.

ಚಾರ್ಜರ್ ಹಾಕಿದರೆ ಸ್ಪೀಕರಿನಲ್ಲಿ "ಗುಂಯ್" ಅನ್ನುತ್ತದೆ, ತೆಗೆದರೆ ನಿಲ್ಲುತ್ತದೆ. ಲ್ಯಾಪ್‌ಟಾಪ್ ಕೆಟ್ಟಿದೆಯಾ?

ಇಲ್ಲ. ಇದು ಗ್ರೌಂಡ್ ಲೂಪ್. ನಿಮ್ಮ ಚಾರ್ಜರ್ ಒಂದು ಪ್ಲಗ್ಗಿನಲ್ಲಿ, ಸೌಂಡ್‌ನವರ ಆಂಪ್ಲಿಫೈಯರ್ ಇನ್ನೊಂದು ಮೂಲೆಯ ಪ್ಲಗ್ಗಿನಲ್ಲಿ. ಎರಡೂ ಕಡೆ ಅರ್ಥಿಂಗ್ ಬೇರೆ ಬೇರೆ ದಾರಿ ಹಿಡಿದಿರುತ್ತದೆ. ಆಡಿಯೋ ಕೇಬಲ್ ಮೂಲಕ ಅವೆರಡೂ ಸೇರಿ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ 50 ಹರ್ಟ್ಸ್ ಕರೆಂಟು ಹರಿದರೆ ಗುಂಯ್.

ಮೊದಲು ಲ್ಯಾಪ್‌ಟಾಪ್, ಕಂಟ್ರೋಲರ್, ಮಿಕ್ಸರ್ ಮೂರನ್ನೂ ಒಂದೇ ಜಂಕ್ಷನ್ ಬಾಕ್ಸಿಗೆ ಹಾಕಿ ನೋಡಿ. ಕಂಟ್ರೋಲರಿನಲ್ಲಿ ಎಕ್ಸ್‌ಎಲ್‌ಆರ್ ಔಟ್ (ಮೈಕ್ ಕೇಬಲಿನ ಹಾಗೆ ಮೂರು ಪಿನ್ನಿನದು) ಇದ್ದರೆ ಆರ್‌ಸಿಎ (ಕೆಂಪು ಬಿಳಿ ಪಿನ್ನಿನದು) ಬಿಟ್ಟು ಅದನ್ನು ಬಳಸಿ. ಆಗಲೂ ಹೋಗದಿದ್ದರೆ ಎರಡು ಕಡೆಯ ಅರ್ಥಿಂಗ್ ಸೇರದಂತೆ ಬೇರೆ ಮಾಡುವ, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಮಧ್ಯೆ ಹಾಕಿ. ಲೈಟಿಂಗ್‌ನವರ ಡಿಮ್ಮರ್ ಇರುವ ಫೇಸ್ ಬಿಟ್ಟು ಬೇರೆ ಫೇಸ್ ಕೊಡಲು ಎಲೆಕ್ಟ್ರಿಷಿಯನ್‌ಗೆ ಕೇಳಿ.

ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ, ಸದ್ದು ನಿಲ್ಲುತ್ತದೆ, ನಿಜ. ಒದ್ದೆ ನೆಲದ ಶಾಮಿಯಾನದಲ್ಲಿ ಮೈಕ್ ಹಿಡಿದವರ ಜೀವವೂ ನಿಲ್ಲಬಹುದು. ಮುರಿಯಬೇಡಿ.

ಕರೆಂಟು ಹೋದರೆ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆಯಲ್ಲ, ಯುಪಿಎಸ್ ಯಾಕೆ?

ಲ್ಯಾಪ್‌ಟಾಪ್ ಓಡುತ್ತದೆ. ನಿಮ್ಮ ಕಂಟ್ರೋಲರಿಗೆ ಬೇರೆ ಅಡಾಪ್ಟರ್ ಇದ್ದರೆ ಅದು ಆರಿಹೋಗುತ್ತದೆ. ಸೌಂಡ್ ಕಾರ್ಡ್ ಇರುವುದು ಅದರೊಳಗೇ. ಜನರೇಟರ್ ಬಂದ ಮೇಲೆ ಸಾಫ್ಟ್‌ವೇರ್ ಮತ್ತೆ ಅದನ್ನು ಹುಡುಕಬೇಕು, ಕೆಲವು ಸಲ ಹುಡುಕುವುದೇ ಇಲ್ಲ. ಕಂಪ್ಯೂಟರಿಗೆ ಹಾಕುವ ಸಣ್ಣ ಯುಪಿಎಸ್ ಒಂದನ್ನು ಕಂಟ್ರೋಲರಿಗೆ ಮಾತ್ರ ಇಟ್ಟುಕೊಳ್ಳಿ. ಆಂಪ್ಲಿಫೈಯರ್ ಅದಕ್ಕೆ ಹಾಕಲು ಹೋಗಬೇಡಿ. ಯುಎಸ್‌ಬಿ ಕರೆಂಟಿನಲ್ಲೇ ಓಡುವ ಸಣ್ಣ ಕಂಟ್ರೋಲರ್ ಆದರೆ ಈ ಚಿಂತೆ ಇಲ್ಲ.

ಮಳೆ, ಮಂಜಿಗೆ ಏನು ಮಾಡುತ್ತೀರಿ?

ಡಿಸೆಂಬರ್‌ನಲ್ಲಿ ಮೂಡಿಗೆರೆ ಕಡೆ ತೋಟದಲ್ಲಿ ಕ್ಯಾಂಪ್ ಫೈರ್ ಹಾಕಿ ಪಾರ್ಟಿ ಮಾಡುತ್ತಾರೆ. ರಾತ್ರಿ ಆಗುತ್ತಿದ್ದಂತೆ ಕಂಟ್ರೋಲರಿನ ಲೋಹದ ತಟ್ಟೆ ಮೇಲೆ ಬೆರಳಾಡಿಸಿದರೆ ಬೆರಳು ಒದ್ದೆ. ಮೇಲೆ ಸೂರು ಇಲ್ಲದ ಕಡೆ ನಾನು ಟೇಬಲ್ ಹಾಕುವುದಿಲ್ಲ, ಕೊನೆಗೆ ಒಂದು ಕೊಡೆಯಾದರೂ ಬೇಕು. ಎಸಿ ಕಾರಿನಿಂದ ಇಳಿಸಿದ ಲ್ಯಾಪ್‌ಟಾಪನ್ನು ಮಳೆಗಾಲದಲ್ಲಿ ಬೆಚ್ಚಗಿರುವ ಚೌಟ್ರಿಯೊಳಗೆ ಕೂಡಲೇ ಆನ್ ಮಾಡಬೇಡಿ, ಒಳಗೆ ನೀರು ಪಸೆ ಕಟ್ಟಿರುತ್ತದೆ. ಅರ್ಧ ಗಂಟೆ ಬಿಡಿ. ಮಲೆನಾಡಿನವರು ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ವರ್ಷಕ್ಕೊಮ್ಮೆ ಫ್ಯಾನ್ ಬಿಚ್ಚಿ ಧೂಳು ತೆಗೆಸಿ. ಬಿಸಿಯಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗ ಮೇಲಿನ ಸೆಟ್ಟಿಂಗ್ ಎಲ್ಲಾ ವ್ಯರ್ಥ.

ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಅಪ್ಪನ ತೋಟದ ಲೆಕ್ಕ, ತಂಗಿಯ ಕ್ಲಾಸು ಎಲ್ಲಾ ಅದರಲ್ಲೇ.

ಡಿಜೆಗೆ ಅಂತಲೇ ಬೇರೆ ಯೂಸರ್ ಅಕೌಂಟ್ ಮಾಡಿ. ಅದರಲ್ಲಿ ಸ್ಟಾರ್ಟಪ್ ಆ್ಯಪ್ ಎಲ್ಲಾ ಆಫ್. ಪ್ರೋಗ್ರಾಂಗೆ ಮುಂಚೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ನೇರ ಆ ಅಕೌಂಟಿಗೆ ಹೋಗಿ. ಬೇರೆ ಅಕೌಂಟ್ ಸೈನ್ ಇನ್ ಆಗಿ ಹಿಂದೆ ಕೂತಿರಬಾರದು. ಪೂರ್ತಿ ಪರಿಹಾರ ಅಲ್ಲ, ಡ್ರೈವರ್ ಎಲ್ಲರಿಗೂ ಒಂದೇ. ಆದರೂ ಮುಕ್ಕಾಲು ಪಾಲು ಸರಿಹೋಗುತ್ತದೆ.

ವಿಂಡೋಸ್‌ನ "ಟಿಂಗ್" ಸದ್ದು ಮುಖ್ಯ ಸ್ಪೀಕರಿನಲ್ಲಿ ಬಂತು, ಮಾನ ಹೋಯಿತು.

ಸೌಂಡ್ ಸೆಟ್ಟಿಂಗಿನಲ್ಲಿ ಡೀಫಾಲ್ಟ್ ಔಟ್‌ಪುಟ್ ಲ್ಯಾಪ್‌ಟಾಪಿನ ಸ್ಪೀಕರ್ ಇರಲಿ, ಕಂಟ್ರೋಲರ್ ಅಲ್ಲ. ಸೌಂಡ್ ಸ್ಕೀಮ್‌ನಲ್ಲಿ ನೋ ಸೌಂಡ್ಸ್ ಆರಿಸಿ.

ಇಷ್ಟೆಲ್ಲಾ ಮಾಡಿಯೂ ಪ್ರೋಗ್ರಾಂ ಮಧ್ಯೆ ಹ್ಯಾಂಗ್ ಆದರೆ?

ಮೊದಲು ಹಾಡು, ಆಮೇಲೆ ರಿಪೇರಿ. ಮಿಕ್ಸರಿನ ಒಂದು ಚಾನೆಲ್‌ಗೆ ಹಳೆಯ ಫೋನೊಂದನ್ನು ಕೇಬಲ್ ಸಮೇತ ಸಿಕ್ಕಿಸಿಯೇ ಇಟ್ಟಿರಿ. ಏರೋಪ್ಲೇನ್ ಮೋಡ್‌ನಲ್ಲಿ, ಒಂದು ಗಂಟೆಯ ಮಿಕ್ಸ್ ತೆರೆದಿಟ್ಟು. ಲ್ಯಾಪ್‌ಟಾಪ್ ನಿಂತರೆ ಆ ಫೇಡರ್ ಏರಿಸಿ. ಜನಕ್ಕೆ ಹಾಡು ಬದಲಾದದ್ದು ಮಾತ್ರ ಗೊತ್ತಾಗುತ್ತದೆ. ಬ್ಲೂಟೂತ್ ನೆಚ್ಚಬೇಡಿ, ಅಲ್ಲಿ ಯಾರ ಫೋನು ಯಾವಾಗ ಕನೆಕ್ಟ್ ಆಗುತ್ತದೋ ಹೇಳಲಾಗದು.

ಬರೀ ಪಟಪಟ ಬರುತ್ತಿದ್ದರೆ ಬಫರನ್ನು 1024ಕ್ಕೆ ಏರಿಸಿ, ಎಫೆಕ್ಟ್ಸ್ ಮತ್ತು ಸ್ಟೆಮ್ಸ್ ನಿಲ್ಲಿಸಿ, ರೆಕಾರ್ಡಿಂಗ್ ಓಡುತ್ತಿದ್ದರೆ ಬಂದ್ ಮಾಡಿ. ಚಾರ್ಜರ್ ಗುರುತು ನೋಡಿ. ಬಫರ್ ಬದಲಾಯಿಸುವಾಗ ಕ್ಷಣ ಹೊತ್ತು ಸದ್ದು ನಿಲ್ಲುತ್ತದೆ, ಅದನ್ನು ಎಂಸಿ ಮಾತಾಡುವಾಗ ಮಾಡಿ. ರೀಸ್ಟಾರ್ಟ್ ಮಾಡಲೇಬೇಕಾದರೆ ಮೊದಲು ಮಿಕ್ಸರಿನಲ್ಲಿ ನಿಮ್ಮ ಚಾನೆಲ್ ಇಳಿಸಿ. ಇಲ್ಲದಿದ್ದರೆ ಕಂಟ್ರೋಲರ್ ಆನ್ ಆದಾಗ ಬರುವ "ಧಡ್" ಸದ್ದಿಗೆ ಸೌಂಡ್‌ನವರ ಸ್ಪೀಕರ್ ಹೋದರೆ ಅದರ ದುಡ್ಡೂ ನಿಮ್ಮ ತಲೆಗೇ.

ಹಾಡು ಮತ್ತು ಲೈಬ್ರರಿಯ ಬ್ಯಾಕಪ್ ಇರುವ ಒಂದು ಡ್ರೈವ್ ಬ್ಯಾಗಿನಲ್ಲಿ ಇರಲಿ. ಅದನ್ನೇ ಲ್ಯಾಪ್‌ಟಾಪ್ ಇಲ್ಲದೆ ಹಾಡು ಓಡಿಸುವ ಸಿಡಿಜೆ ಪ್ಲೇಯರಿಗೂ ಹಾಕುವ ಪ್ರಸಂಗ ಬಂದರೆ ಫ್ಯಾಟ್32 ಫಾರ್ಮ್ಯಾಟ್ ಸುರಕ್ಷಿತ. ಎನ್‌ಟಿಎಫ್‌ಎಸ್ ಅವು ಓದುವುದಿಲ್ಲ.

ಎಲ್ಲಾ ಸರಿ ಇದೆ, ಹತ್ತು ಗಂಟೆಗೆ ಪೊಲೀಸರು ಬಂದು ನಿಲ್ಲಿಸುತ್ತಾರಲ್ಲ?

ಅದಕ್ಕೆ ಸೆಟ್ಟಿಂಗ್ ಇಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಕ್ಕೆ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು. ಆ ದಿನಗಳಲ್ಲಿ ನಿಮ್ಮ ಪ್ರೋಗ್ರಾಂ ಇದೆಯಾ ಅಂತ ಬುಕಿಂಗ್ ಮಾಡುವಾಗಲೇ ಠಾಣೆಯಲ್ಲಿ ಕೇಳಿಕೊಳ್ಳಿ. ನಾನು ಒಂಬತ್ತೂ ಮುಕ್ಕಾಲಿಗೆ ಕೊನೆಯ ಹಾಡು ಲೋಡ್ ಮಾಡುತ್ತೇನೆ. ಹತ್ತಕ್ಕೆ ಮೊದಲು ಆಂಪ್ಲಿಫೈಯರ್ ಆಫ್, ಆಮೇಲೆ ಕಂಟ್ರೋಲರ್, ಕೊನೆಗೆ ಲ್ಯಾಪ್‌ಟಾಪ್. ಊಟದ ಹಾಲಿನಲ್ಲಿ ಕೊನೆ ಪಂಕ್ತಿ ಇನ್ನೂ ನಡೆಯುತ್ತಿರುತ್ತದೆ.